ಏಪ್ರಿಲ್‌ನಲ್ಲಿ ಮಿಂಚಿದವನು ಸೆಪ್ಟೆಂಬರ್‌ನಲ್ಲಿ ಆಡುತ್ತಾನಾ?

2018ರ ಏಪ್ರಿಲ್. ಅಲಬಾಮಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಟಸ್ಕಲೂಸಾದ ತನ್ನ ಕ್ರೀಡಾಂಗಣದಲ್ಲಿ ತನ್ನ ಮೇಲೆಯೇ ಒಂದು ಪಂದ್ಯ ಆಡಿತು. ವಸಂತದ ಈ ಅಭ್ಯಾಸ ಪಂದ್ಯಕ್ಕೆ ಸ್ಪ್ರಿಂಗ್ ಗೇಮ್ ಅನ್ನುತ್ತಾರೆ. ಚೆಂಡು ಎಸೆದು ಆಟ ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಜೇಲನ್ ಹರ್ಟ್ಸ್ ಅವತ್ತು 37 ಸಲ ಚೆಂಡು ಎಸೆದರು. ಜೊತೆಗಾರರ ಕೈ ಸೇರಿದ್ದು 19. ಹಿಂದಿನ ಎರಡು ವರ್ಷಗಳಲ್ಲಿ ಹರ್ಟ್ಸ್ ಮೊದಲ ಆಯ್ಕೆಯಾಗಿ ಆಡಿದ 28 ಪಂದ್ಯಗಳಲ್ಲಿ ತಂಡ ಸೋತಿದ್ದು ಎರಡೇ ಎರಡು. ಅದ್ಯಾವುದೂ ಆ ಮಧ್ಯಾಹ್ನ ಲೆಕ್ಕಕ್ಕೆ ಬರಲಿಲ್ಲ. ಹುಡುಗ ಓಡುತ್ತಾನೆ, ಎಸೆಯೋಕೆ ಬರಲ್ಲ ಅನ್ನುವ ಮಾತು ಮೊದಲೇ ಇತ್ತು. ಈಗ ಅದಕ್ಕೆ ಅಂಕಿ ಸಿಕ್ಕಿತು. ಅದೇ ಪಂದ್ಯದಲ್ಲಿ ಮ್ಯಾಕ್ ಜೋನ್ಸ್ ಅನ್ನುವ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಹರ್ಟ್ಸ್‌ಗಿಂತ ಚೆನ್ನಾಗಿ ಎಸೆದಿದ್ದರು. ಸೀಸನ್ ಶುರುವಾದಾಗ ಇಬ್ಬರಿಗೂ ಜಾಗ ಸಿಗಲಿಲ್ಲ. ಬೆರಳಿನ ಗಾಯದಿಂದ ಆ ಪಂದ್ಯದಲ್ಲಿ ಆಡದೇ ಇದ್ದ ಟುವಾ ಟಾಗೊವೈಲೋವ ಮೊದಲ ಆಯ್ಕೆಯಾದರು.

ಅದೇ ತಿಂಗಳು ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಓಹಾಯೋ ಸ್ಟೇಟ್ ತಂಡವೂ ಇಂಥದ್ದೇ ಪಂದ್ಯ ಆಡಿತು. ಅಲ್ಲಿ ಜೋ ಬರೋ ಅವರ 22 ಎಸೆತಗಳಲ್ಲಿ 15 ಸರಿಯಾಗಿ ಮುಟ್ಟಿದವು. 238 ಗಜ, ಎರಡು ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡು ಮುಟ್ಟಿಸಿ ಅಂಕ ಗಳಿಸುವುದು). ಪೈಪೋಟಿಗಿದ್ದ ಡ್ವೇನ್ ಹಾಸ್ಕಿನ್ಸ್ ಅವರದ್ದು 19ರಲ್ಲಿ 9, 120 ಗಜ. ಅಂಕಿ ನೋಡಿದರೆ ಬರೋ ಗೆದ್ದಂತೆಯೇ. ಆದರೆ ಕೋಚ್ ಅರ್ಬನ್ ಮೇಯರ್ ಹಾಸ್ಕಿನ್ಸ್ ಕಡೆ ವಾಲಿದ್ದರು. ಮುಂದಿನ ತಿಂಗಳು ಬರೋ ಕಾಲೇಜು ಬಿಟ್ಟು ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ (ಎಲ್‌ಎಸ್‌ಯು) ಹೋದರು.

ಹರ್ಟ್ಸ್ ಕೆಟ್ಟದಾಗಿ ಆಡಿ ಜಾಗ ಕಳೆದುಕೊಂಡರು. ಬರೋ ಚೆನ್ನಾಗಿ ಆಡಿಯೂ ಕಳೆದುಕೊಂಡರು. ಬರೋ 2019ರಲ್ಲಿ 60 ಟಚ್‌ಡೌನ್ ಎಸೆದು, ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹೈಸ್ಮನ್ ಟ್ರೋಫಿ ಗೆದ್ದು, ತಂಡವನ್ನು ಒಂದೂ ಸೋಲಿಲ್ಲದೆ ರಾಷ್ಟ್ರೀಯ ಚಾಂಪಿಯನ್ ಮಾಡಿದರು. ಹರ್ಟ್ಸ್ 2025ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ವೃತ್ತಿಪರ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟು ಆ ಪಂದ್ಯದ ಶ್ರೇಷ್ಠ ಆಟಗಾರರಾದರು. ಇಷ್ಟೆಲ್ಲ ನೋಡಿದ ಮೇಲೂ ಪ್ರತಿ ವಸಂತದಲ್ಲಿ ಅದೇ ವಾಗ್ವಾದ ಹೊಸದಾಗಿ ಶುರುವಾಗುತ್ತದೆ. ಯಾರು ಚೆನ್ನಾಗಿ ಎಸೆದ, ಯಾರು ತಡವರಿಸಿದ, ಯಾರನ್ನು ಬೆಂಚಿನ ಮೇಲೆ ಕೂರಿಸಬೇಕು. ಈ ವಾಗ್ವಾದ ಯಾವುದರ ಮೇಲೆ ನಿಂತಿದೆ ಅಂತ ಒಮ್ಮೆ ಬಿಡಿಸಿ ನೋಡೋಣ.

ಹದಿನೈದು ದಿನದ ಆಟ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮಕ್ಕಳು ಓದುತ್ತಿರುವ ಮನೆಗಳಿಗೆ ಈ ಹುಚ್ಚು ಗೊತ್ತಿರುತ್ತದೆ. ಕೊಲಂಬಸ್, ಆಸ್ಟಿನ್ ಥರದ ಊರುಗಳಲ್ಲಿ ಕನ್ನಡದವರೂ ಸಾಕಷ್ಟಿದ್ದಾರೆ. ಪಂದ್ಯವಿರುವ ಶನಿವಾರ ಅಲ್ಲಿ ರಸ್ತೆಗೆ ಕಾರು ಇಳಿಸೋದೇ ಬೇಡ ಅನ್ನುವಷ್ಟು ಜನ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಒಂದು ಕಡೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಹೆಚ್ಚುಕಮ್ಮಿ ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕಾ, ಪಕ್ಕದವನಿಗೆ ಕೊಡಬೇಕಾ, ತಾನೇ ಓಡಬೇಕಾ ಅನ್ನುವುದು ಒಂದೆರಡು ಸೆಕೆಂಡಿನಲ್ಲಿ ತೀರ್ಮಾನವಾಗಬೇಕು. ಹಾಗಾಗಿ ಹೊಗಳಿಕೆಯೂ ಬೈಗುಳವೂ ಜಾಸ್ತಿ ಬೀಳುವುದು ಅವನಿಗೇ.

ಸೀಸನ್ ಶುರುವಾಗುವುದು ಆಗಸ್ಟ್ ಕೊನೆಗೆ, ಮುಗಿಯುವುದು ಜನವರಿಯಲ್ಲಿ. ನಡುವೆ ಮಾರ್ಚ್, ಏಪ್ರಿಲ್‌ನಲ್ಲಿ ಬರುವುದು ವಸಂತದ ತರಬೇತಿ. ಕಾಲೇಜು ಕ್ರೀಡೆಯ ಆಡಳಿತ ನೋಡುವ ಎನ್‌ಸಿಎಎ ಇದಕ್ಕೆ ಗಟ್ಟಿ ಬೇಲಿ ಹಾಕಿದೆ. ಒಟ್ಟು 15 ದಿನ ಅಭ್ಯಾಸ ಮಾಡಬಹುದು, ಅದೂ 34 ದಿನಗಳ ಅವಧಿಯೊಳಗೆ. ಮೈಗೆ ಮೈ ತಾಗುವ ಅಭ್ಯಾಸ ಹೆಚ್ಚೆಂದರೆ 12 ದಿನ. ಪೂರ್ತಿ ನೆಲಕ್ಕೆ ಕೆಡವುವ ಟ್ಯಾಕಲ್ ಎಂಟೇ ದಿನ. ಜನ ಟಿಕೆಟ್ ತೆಗೆದುಕೊಂಡು ನೋಡುವ ಸ್ಪ್ರಿಂಗ್ ಗೇಮ್ ಕೂಡ ಈ 15ರಲ್ಲಿ ಒಂದು. ಅಂದರೆ ಅಭಿಮಾನಿಗೆ ಅದು ಪಂದ್ಯ, ನಿಯಮದ ಲೆಕ್ಕದಲ್ಲಿ ಅದು ಒಂದು ದಿನದ ಅಭ್ಯಾಸ.

ಆ ಅಭ್ಯಾಸಕ್ಕೆ ಬರುವ ಜನ ನೋಡಿದರೆ ಮಾತ್ರ ತಲೆ ತಿರುಗುತ್ತದೆ. 2007ರಲ್ಲಿ ನಿಕ್ ಸೇಬನ್ ಅಲಬಾಮಾದ ಕೋಚ್ ಆಗಿ ಬಂದ ಮೊದಲ ವಸಂತದಲ್ಲಿ 92,138 ಜನ ಸೇರಿದ್ದರು. 2016ರಲ್ಲಿ ಓಹಾಯೋ ಸ್ಟೇಟ್ 1,00,189 ಜನರನ್ನು ಸೇರಿಸಿತು. ಲೆಕ್ಕಕ್ಕೇ ಇಲ್ಲದ ಪಂದ್ಯಕ್ಕೆ ಒಂದು ಲಕ್ಷ ಜನ! ಇದರಲ್ಲಿ ಪ್ರೀತಿಯೂ ಇದೆ. 2013ರ ನೆಬ್ರಾಸ್ಕಾ ಸ್ಪ್ರಿಂಗ್ ಗೇಮ್‌ನಲ್ಲಿ ಮೆದುಳಿನ ಕ್ಯಾನ್ಸರ್ ಇದ್ದ ಏಳು ವರ್ಷದ ಹುಡುಗನ ಕೈಗೆ ಚೆಂಡು ಕೊಟ್ಟು 69 ಗಜ ಓಡಿಸಿದರು. ಇಡೀ ತಂಡ ಅವನ ಹಿಂದೆ ಮುಂದೆ ಓಡಿತು. ಆ ವರ್ಷದ ಆ ಪಂದ್ಯದಲ್ಲಿ ಜನರಿಗೆ ನೆನಪಿರುವುದು ಅದೊಂದೇ. ಹಬ್ಬ ಅಂತ ನೋಡಿದರೆ ಸ್ಪ್ರಿಂಗ್ ಗೇಮ್‌ನಲ್ಲಿ ತಪ್ಪೇನೂ ಇಲ್ಲ. ಪರೀಕ್ಷೆ ಅಂತ ನೋಡಿದಾಗಲೇ ತೊಂದರೆ.

ತನ್ನ ಮೇಲೆ ತಾನೇ ಗೆದ್ದರೆ

ರಣಜಿ ಸೀಸನ್‌ಗೆ ಮುಂಚೆ ಕರ್ನಾಟಕ ತಂಡ ತನ್ನೊಳಗೇ ಎರಡು ಪಾಲಾಗಿ ಆಡಿ, ಒಂದು ಪಾಲು ದಿನವೊಂದಕ್ಕೆ 400 ರನ್ ಹೊಡೆಯಿತು ಅಂದುಕೊಳ್ಳಿ. ನಮ್ಮ ಬ್ಯಾಟಿಂಗ್ ಗಟ್ಟಿ ಅಂತ ಖುಷಿಪಡಬೇಕಾ? ಬೌಲಿಂಗ್ ಟೊಳ್ಳು ಅಂತ ಚಿಂತೆ ಮಾಡಬೇಕಾ? ಸ್ಪ್ರಿಂಗ್ ಗೇಮ್‌ನ ಮೊದಲ ತೊಡಕು ಇದೇ. ಕ್ವಾರ್ಟರ್‌ಬ್ಯಾಕ್ ಚೆನ್ನಾಗಿ ಎಸೆದಿದ್ದಾನೆ ಅಂದರೆ ಅದೇ ತಂಡದ ಹಿಂದಿನ ಸಾಲಿನವರು ಚೆನ್ನಾಗಿ ತಡೆದಿಲ್ಲ. ತಡೆಯುವವರು ಮಿಂಚಿದರೆ ಎಸೆಯುವವನು ಸೋತಿದ್ದಾನೆ. ಒಂದೇ ಘಟನೆಯಲ್ಲಿ ಒಳ್ಳೆಯ ಸುದ್ದಿಯೂ ಕೆಟ್ಟ ಸುದ್ದಿಯೂ ಸಮಸಮವಾಗಿ ಇರುತ್ತವೆ. ಹಾಗಾಗಿ ಆಶಾವಾದಿಗಳಿಗೆ ಬೇಕಾದ್ದೂ ಸಿಗುತ್ತದೆ, ಗೊಣಗುವವರಿಗೆ ಬೇಕಾದ್ದೂ ಸಿಗುತ್ತದೆ. ಜಗಳ ಮುಗಿಯದೇ ಇರುವುದಕ್ಕೆ ಅರ್ಧ ಕಾರಣ ಇದು.

ಇನ್ನರ್ಧ ಕಾರಣ ಜೆರ್ಸಿಯ ಬಣ್ಣದಲ್ಲಿದೆ. ವಸಂತದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಬೇರೆ ಬಣ್ಣದ ಜೆರ್ಸಿ ಹಾಕಿರುತ್ತಾರೆ. ಇವರನ್ನು ಬೀಳಿಸಬೇಡಿ ಅಂತ ಅದರ ಅರ್ಥ. ಎದುರಿನವನು ಹತ್ತಿರ ಬಂದು ಕೈ ತಾಗಿಸಿದರೆ ಸಾಕು, ಸೀಟಿ ಊದುತ್ತಾರೆ. ಆಟ ಅಲ್ಲಿಗೆ ನಿಂತಿತು. ಗಾಯ ತಪ್ಪಿಸುವುದಕ್ಕೆ ಇದು ಬೇಕೇ ಬೇಕು. ಆದರೆ ಆಟದ ಸ್ವಭಾವವೇ ಇದರಿಂದ ಬದಲಾಗಿಬಿಡುತ್ತದೆ. ಜಾಗದಲ್ಲೇ ನಿಂತು ಎಸೆಯುವ ಹುಡುಗನಿಗೆ ಇದು ವರ. ಬಲವಾದ ಏಟು ಬೀಳುತ್ತದೆ ಅನ್ನುವ ಭಯವೇ ಇಲ್ಲದೆ ಆರಾಮಾಗಿ ಎಸೆಯಬಹುದು. ಹಿಡಿಯಲು ಬಂದವರಿಂದ ನುಣುಚಿಕೊಂಡು ಓಡುವುದೇ ಬಂಡವಾಳವಾಗಿರುವ ಹುಡುಗನಿಗೆ ಇದು ಕೈಕಟ್ಟಿ ಆಡಿಸಿದ ಹಾಗೆ.

ಹರ್ಟ್ಸ್ ವಿಷಯ ಈಗ ಮತ್ತೆ ನೋಡಿ. 2016ರಲ್ಲಿ, ಕಾಲೇಜಿನ ಮೊದಲ ವರ್ಷದಲ್ಲೇ, ಅವರು 954 ಗಜ ಓಡಿದ್ದರು. 13 ಟಚ್‌ಡೌನ್ ಓಡಿಯೇ ಗಳಿಸಿದ್ದರು. ಹಿಡಿಯಲು ಬಂದವರ ಕೈಗೆ ಸಿಗದೆ ಹೋಗುವುದು, ಸಿಕ್ಕರೂ ಬೀಳದೆ ಇರುವುದು, ಅದೇ ಅವರ ಆಟ. ಮುಟ್ಟಿದರೆ ಔಟು ಅನ್ನುವ ನಿಯಮದಲ್ಲಿ ಆ ಆಟ ಕಾಣಿಸುವುದಕ್ಕೆ ಸಾಧ್ಯವೇ ಇರಲಿಲ್ಲ. ಅವರ ಎಸೆತದಲ್ಲಿ ದೋಷ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಇತ್ತು. ಆದರೆ ಆ ಪಂದ್ಯ ಅಳೆದಿದ್ದು ಅವರ ಆಟದ ದುರ್ಬಲ ಭಾಗವನ್ನು ಮಾತ್ರ.

ಮೂರನೆಯದು, ಎದುರು ಯಾರಿದ್ದರು ಅನ್ನುವುದು. ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಕಾಯುವ ಐದು ದಡಿಯರ ಸಾಲು ಇರುತ್ತದಲ್ಲ, ಅವರೇ ಆಟದ ಬುನಾದಿ. ತಂಡವನ್ನು ಎರಡು ಪಾಲು ಮಾಡಿದಾಗ ಆ ಸಾಲೂ ಒಡೆಯುತ್ತದೆ. ಇಬ್ಬರು ಇಲ್ಲಿ, ಮೂವರು ಅಲ್ಲಿ, ಉಳಿದ ಜಾಗಕ್ಕೆ ನಿನ್ನೆ ಮೊನ್ನೆ ಬಂದ ಹುಡುಗರು. ಕೆಲವು ಕಾಲೇಜುಗಳು ಹೀಗೆ ಒಡೆಯದೆ, ದಾಳಿಯವರೆಲ್ಲ ಒಂದು ಕಡೆ, ತಡೆಯುವವರೆಲ್ಲ ಇನ್ನೊಂದು ಕಡೆ ಇಟ್ಟು, ಅಂಕಕ್ಕೆ ತಮ್ಮದೇ ವಿಚಿತ್ರ ಲೆಕ್ಕ ಮಾಡಿಕೊಳ್ಳುತ್ತವೆ. ಗಾಯಾಳುಗಳು, ಹಳೆಯ ಹುಲಿಗಳು ಸುಮ್ನೆ ಬದಿಯಲ್ಲಿ ನಿಂತಿರುತ್ತಾರೆ. ಒಬ್ಬ 200 ಗಜ ಎಸೆದ ಅಂತ ಸುದ್ದಿ ಬರುತ್ತದೆ. ಅದು ಮೊದಲ ಸಾಲಿನ ರಕ್ಷಣೆಯ ಎದುರೋ ಮೂರನೆಯ ಸಾಲಿನ ಎದುರೋ ಅಂತ ಸುದ್ದಿಯಲ್ಲಿ ಇರುವುದಿಲ್ಲ.

ಮತ್ತೆ ಕೋಚ್‌ಗಳ ಕಳ್ಳಾಟ. ಪಂದ್ಯ ಟಿವಿಯಲ್ಲಿ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಎದುರಾಗುವ ತಂಡದವರೂ ಕೂತು ನೋಡುತ್ತಾರೆ. ಹೊಸ ತಂತ್ರಗಳನ್ನು ಅಲ್ಲಿ ಯಾರು ಬಿಚ್ಚಿಡುತ್ತಾರೆ? ಎಲ್ಲರಿಗೂ ಗೊತ್ತಿರುವ ಸಾದಾ ಆಟಗಳನ್ನೇ ಆಡಿಸುತ್ತಾರೆ. ತಡೆಯುವವರಿಗೂ ಜಾಸ್ತಿ ಮೇಲೆ ಬೀಳಬೇಡಿ ಅಂತ ಹೇಳಿರುತ್ತಾರೆ.

ಕೊನೆಗೆ ಬರೀ ಲೆಕ್ಕದ ಮಾತು. ಬರೋ ಆ ಏಪ್ರಿಲ್‌ನಲ್ಲಿ ಎಸೆದಿದ್ದು 22 ಸಲ. ಹೈಸ್ಮನ್ ಗೆದ್ದ ಸೀಸನ್‌ನಲ್ಲಿ ಎಸೆದಿದ್ದು 527 ಸಲ. 22 ಎಸೆತದಲ್ಲಿ ಇಬ್ಬರು ಜೊತೆಗಾರರು ಚೆಂಡು ಕೈಬಿಟ್ಟರೆ, ಒಬ್ಬ ಎಡವಿದರೆ, ಅಂಕಿಯ ಬಣ್ಣವೇ ಬದಲಾಗುತ್ತದೆ. ಅದನ್ನು ಹಿಡಿದುಕೊಂಡು ಆರು ತಿಂಗಳು ಜಗಳವಾಡುತ್ತಾರೆ.

ಆರ್ಚ್ ಮ್ಯಾನಿಂಗ್ ಅವರದ್ದು ಇದಕ್ಕೆ ಪಾಠದಂಥ ಉದಾಹರಣೆ. ಚಿಕ್ಕಪ್ಪಂದಿರಾದ ಪೇಟನ್ ಮತ್ತು ಎಲೈ, ಇಬ್ಬರೂ ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್‌ಗಳು. ತಾತ ಆರ್ಚಿಯೂ ಅದೇ ಜಾಗದಲ್ಲಿ ಆಡಿದವರು. 2023ರ ವಸಂತದಲ್ಲಿ, ಟೆಕ್ಸಸ್ ತಂಡ ಸೇರಿ ಕೆಲವೇ ತಿಂಗಳಾದಾಗ, ಆರ್ಚ್ 13 ಎಸೆತದಲ್ಲಿ 5 ಮುಟ್ಟಿಸಿ 30 ಗಜ ಗಳಿಸಿದರು. ಬರೀ ಮನೆತನದ ಹೆಸರು ಅಂದರು ಜನ. 2024ರ ವಸಂತದಲ್ಲಿ 26ರಲ್ಲಿ 19, 355 ಗಜ, ಮೂರು ಟಚ್‌ಡೌನ್. ಆಗ ಶುರುವಾಯಿತು ಇನ್ನೊಂದು ಕೂಗು: ಹಳಬ ಕ್ವಿನ್ ಯೂವರ್ಸ್ ಅವರನ್ನು ಕೂರಿಸಿ, ಇವರನ್ನು ಆಡಿಸಿ. ಕೋಚ್ ಸ್ಟೀವ್ ಸಾರ್ಕೀಸಿಯನ್ ಕೇಳಲಿಲ್ಲ. ಯೂವರ್ಸ್ ಅವರನ್ನೇ ಮುಂದಿಟ್ಟುಕೊಂಡು ತಂಡ ಪ್ಲೇಆಫ್‌ನ ಸೆಮಿಫೈನಲ್‌ವರೆಗೂ ಹೋಯಿತು. 2025ರಲ್ಲಿ ಮ್ಯಾನಿಂಗ್ ಅವರ ಸರದಿ ಬಂತು. ಸೀಸನ್‌ಗೆ ಮುಂಚಿನ ಪಟ್ಟಿಯಲ್ಲಿ ಟೆಕ್ಸಸ್ ದೇಶಕ್ಕೇ ನಂಬರ್ ಒನ್. ಮೊದಲ ಪಂದ್ಯ ಕೊಲಂಬಸ್‌ನಲ್ಲಿ ಓಹಾಯೋ ಸ್ಟೇಟ್ ಮೇಲೆ. 14–7ರಿಂದ ಸೋತರು. ಮ್ಯಾನಿಂಗ್ 30ರಲ್ಲಿ 17, ಒಟ್ಟು 170 ಗಜ. 355 ಗಜದ ಆ ಏಪ್ರಿಲ್ ಮಧ್ಯಾಹ್ನದ ಮೇಲೆ ಕಟ್ಟಿದ್ದ ಅರಮನೆ ಮೂರೇ ಗಂಟೆಯಲ್ಲಿ ಬಿತ್ತು. ಮತ್ತೆ ತಮಾಷೆ ನೋಡಿ, ಸೀಸನ್ ಮುಂದೆ ಹೋದಂತೆ ಅವರು ಸುಧಾರಿಸಿದರು, ನವೆಂಬರ್ ಕೊನೆಗೆ ಅಲ್ಲಿಯವರೆಗೆ ಸೋಲೇ ಕಾಣದಿದ್ದ ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಸೋಲಿಸಿದರು. ಮೂರು ತೀರ್ಪು, ಮೂರೂ ತಪ್ಪು.

ವಸಂತ ಯಾವತ್ತೂ ನಿಜ ಹೇಳುವುದಿಲ್ಲ ಅಂತ ಹೇಳಿದರೂ ಸುಳ್ಳಾಗುತ್ತದೆ. 2013ರಲ್ಲಿ ಫ್ಲಾರಿಡಾ ಸ್ಟೇಟ್‌ನ ಜೇಮಿಸ್ ವಿನ್‌ಸ್ಟನ್ ಸ್ಪ್ರಿಂಗ್ ಗೇಮ್‌ನಲ್ಲಿ 15ರಲ್ಲಿ 12 ಮುಟ್ಟಿಸಿ 205 ಗಜ ಗಳಿಸಿದರು. ಪೈಪೋಟಿಯಲ್ಲಿದ್ದ ಕ್ಲಿಂಟ್ ಟ್ರಿಕೆಟ್ ಪರಿಸ್ಥಿತಿ ಅರ್ಥ ಮಾಡಿಕೊಂಡು ವೆಸ್ಟ್ ವರ್ಜೀನಿಯಾಕ್ಕೆ ಹೋದರು. ವಿನ್‌ಸ್ಟನ್ ಅದೇ ವರ್ಷ ಹೈಸ್ಮನ್ ಗೆದ್ದರು, ತಂಡ ಚಾಂಪಿಯನ್ ಆಯಿತು. ಆದರೆ ಅದರ ಹಿಂದಿನ ವರ್ಷವೇ ಟೆಕ್ಸಸ್ ಎ ಅಂಡ್ ಎಂನಲ್ಲಿ ಉಲ್ಟಾ ನಡೆದಿತ್ತು. ವಸಂತ ಮುಗಿದಾಗ ಮುಂದಿದ್ದವರು ಜಮೀಲ್ ಶವರ್ಸ್. ಆಗಸ್ಟ್‌ನಲ್ಲಿ ಜಾಗ ಗಿಟ್ಟಿಸಿದ್ದು ಜಾನಿ ಮ್ಯಾಂಜೆಲ್. ಡಿಸೆಂಬರ್‌ನಲ್ಲಿ ಹೈಸ್ಮನ್ ಗೆದ್ದ ಮೊತ್ತಮೊದಲ ಫ್ರೆಶ್‌ಮನ್, ಅಂದರೆ ಮೊದಲ ಸೀಸನ್ ಆಡುತ್ತಿದ್ದ ಹುಡುಗ, ಕೂಡ ಅವರೇ. ಜನ ವಿನ್‌ಸ್ಟನ್ ಕಥೆ ನೆನಪಿಟ್ಟುಕೊಳ್ಳುತ್ತಾರೆ. ಶವರ್ಸ್ ಹೆಸರು ಎಷ್ಟು ಜನರಿಗೆ ಗೊತ್ತು?

ಬಾಗಿಲು ಯಾಕೆ ಮುಚ್ಚುತ್ತಿದ್ದಾರೆ

ಈಚೆಗೆ ಕೆಲವು ದೊಡ್ಡ ತಂಡಗಳು ಸ್ಪ್ರಿಂಗ್ ಗೇಮ್ ಅನ್ನೇ ಕೈಬಿಟ್ಟಿವೆ. 2025ರಲ್ಲಿ ಟೆಕ್ಸಸ್ ಆಡಲಿಲ್ಲ. ಎರಡು ಸೀಸನ್‌ಗಳಲ್ಲಿ ನಮ್ಮ ಹುಡುಗರು 30 ಪಂದ್ಯ ಆಡಿದ್ದಾರೆ, ಮೈ ದಣಿದಿದೆ ಅನ್ನುವುದು ಸಾರ್ಕೀಸಿಯನ್ ಕೊಟ್ಟ ಕಾರಣ. ಪ್ಲೇಆಫ್‌ನಲ್ಲಿ ನಾಲ್ಕರ ಬದಲು ಹನ್ನೆರಡು ತಂಡಗಳು ಆಡಲು ಶುರುವಾದ ಮೇಲೆ ಸೀಸನ್ ಉದ್ದವಾಗಿರುವುದು ನಿಜ. ನೆಬ್ರಾಸ್ಕಾದ ಕೋಚ್ ಮ್ಯಾಟ್ ರೂಲ್ ಅವರ ಕಾರಣ ಬೇರೆ. ಹಿಂದಿನ ವರ್ಷ ನಮ್ಮ ಪಂದ್ಯ ಟಿವಿಯಲ್ಲಿ ಬಂತು, ಆಮೇಲೆ ನಮ್ಮ ಆಟಗಾರರಿಗೆ ಹೊರಗಿನಿಂದ ಕರೆಗಳು ಬಂದವು ಅಂತ ಅವರು ಬಾಯಿ ಬಿಟ್ಟೇ ಹೇಳಿದರು. ಚೆನ್ನಾಗಿ ಆಡಿದ ಹುಡುಗನನ್ನು ಲಕ್ಷಾಂತರ ಜನರಿಗೆ ತೋರಿಸುವುದು ಅಂದರೆ ಬೇರೆ ತಂಡದವರಿಗೆ ಅಂಗಡಿ ತೆರೆದು ತೋರಿಸಿದಂತೆ ಅನ್ನುವುದು ಅವರ ಅಳಲು.

ಈ ಅಳಲಿನ ಬೇರು ನಿಯಮಗಳಲ್ಲಿದೆ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಕಾಲೇಜು ಬದಲಿಸಬೇಕು ಅನ್ನುವ ಆಟಗಾರ ಅಲ್ಲಿ ಹೆಸರು ಹಾಕಿದರೆ ಯಾವ ತಂಡವಾದರೂ ಸಂಪರ್ಕಿಸಬಹುದು. 2021ರಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದವು. ಒಂದು ಸಲ ಕಾಲೇಜು ಬದಲಿಸಿದರೆ ಒಂದು ವರ್ಷ ಸುಮ್ಮನೆ ಕೂರಬೇಕಾಗಿಲ್ಲ ಅನ್ನುವುದು ಒಂದು. ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಬಹುದು ಅನ್ನುವುದು ಇನ್ನೊಂದು. 2024ರ ಏಪ್ರಿಲ್‌ಗೆ, ಓದಿನಲ್ಲಿ ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಅಂತಾಯಿತು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ಒಂದು ರಾಜಿಯಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು ಅಂತಲೂ ಆಯಿತು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಎಲ್ಲ ಕ್ರೀಡೆಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ.

ಈ ಎಲ್ಲದರ ನಡುವೆ ಪೋರ್ಟಲ್‌ನ ಒಂದು ಕಿಟಕಿ, ಅಂದರೆ ಹೆಸರು ಹಾಕಬಹುದಾದ ಅವಧಿ, ಏಪ್ರಿಲ್‌ನಲ್ಲೇ ತೆರೆಯುತ್ತಿತ್ತು. ಅಂದರೆ ವಸಂತದ ಅಭ್ಯಾಸ ಮುಗಿಯುವುದಕ್ಕೂ ಸಂತೆ ಸೇರುವುದಕ್ಕೂ ಸರಿಹೋಗುತ್ತಿತ್ತು. ಇದು ಎಲ್ಲಿಗೆ ಮುಟ್ಟಬಹುದು ಅನ್ನುವುದನ್ನು 2025ರಲ್ಲಿ ಟೆನೆಸೀ ನೋಡಿತು. ಹಿಂದಿನ ಸೀಸನ್‌ನಲ್ಲಿ ತಂಡವನ್ನು ಪ್ಲೇಆಫ್‌ಗೆ ಕರೆದೊಯ್ದಿದ್ದ ನೀಕೊ ಇಯಾಮಲೆಯಾವ, ಸ್ಪ್ರಿಂಗ್ ಗೇಮ್‌ನ ಹಿಂದಿನ ದಿನ ಅಭ್ಯಾಸಕ್ಕೆ ಬರಲಿಲ್ಲ. ದುಡ್ಡು ಜಾಸ್ತಿ ಮಾಡುವ ಮಾತುಕತೆ ಮುರಿದುಬಿದ್ದಿದೆ ಅಂತ ವರದಿಗಳು ಬಂದವು. ಮರುದಿನ ಪಂದ್ಯದ ಹೊತ್ತಿಗೆ, ಇನ್ನು ಅವರಿಲ್ಲದೆ ಮುಂದೆ ಹೋಗುತ್ತೇವೆ ಅಂತ ಕೋಚ್ ಜಾಷ್ ಹೈಪಲ್ ಹೇಳಿಬಿಟ್ಟರು. ಇಯಾಮಲೆಯಾವ ಲಾಸ್ ಏಂಜಲಿಸ್‌ನ ಯುಸಿಎಲ್‌ಎಗೆ ಹೋದರು. ಅಲ್ಲಿ ಆಗಷ್ಟೇ ಬಂದು ಇಡೀ ವಸಂತ ಅಭ್ಯಾಸ ಮಾಡಿದ್ದ ಜೋಯಿ ಆಗಿಲಾರ್ ಜಾಗ ಹೋಯಿತು ಅಂತ ನೋಡಿ ಪೋರ್ಟಲ್ ಹಿಡಿದರು. ಬಂದು ಸೇರಿದ್ದು ಎಲ್ಲಿಗೆ? ಟೆನೆಸೀಗೇ! ಇಬ್ಬರೂ ಅದಲುಬದಲಾದರು. ಟೆನೆಸೀ ಆ ಸೀಸನ್‌ನಲ್ಲಿ 8 ಪಂದ್ಯ ಗೆದ್ದಿತು. ಯುಸಿಎಲ್‌ಎ ಗೆದ್ದಿದ್ದು ಮೂರೇ.

ಎರಡೂ ಕಾಲೇಜಿನ ಅಭಿಮಾನಿಗಳು ಆ ಮಾರ್ಚ್‌ನಲ್ಲಿ ತಮ್ಮ ಕ್ವಾರ್ಟರ್‌ಬ್ಯಾಕ್ ಬಗ್ಗೆ ಎಷ್ಟು ವಾದ ಮಾಡಿರಬೇಡ. ಏಪ್ರಿಲ್ ಮುಗಿಯುವಷ್ಟರಲ್ಲಿ ವಾದದ ವಸ್ತುವೇ ಇನ್ನೊಬ್ಬರ ಮನೆ ಸೇರಿತ್ತು.

ಈಗ ಎನ್‌ಸಿಎಎ ಆ ಏಪ್ರಿಲ್ ಕಿಟಕಿಯನ್ನು ತೆಗೆದುಹಾಕಿದೆ. 2026ರಿಂದ ಜನವರಿ 2ರಿಂದ 16ರವರೆಗೆ ಒಂದೇ ಕಿಟಕಿ. ಕೋಚ್ ಬದಲಾದಂಥ ಕೆಲವು ವಿನಾಯಿತಿ ಬಿಟ್ಟರೆ, ವಸಂತದ ಅಭ್ಯಾಸಕ್ಕೆ ಇಳಿದವರು ಆ ಸೀಸನ್ ಅಲ್ಲೇ ಕಳೆಯಬೇಕು. ಇದರ ಪರಿಣಾಮವನ್ನು ಹೆಚ್ಚಿನವರು ಕೋಚ್‌ಗಳ ನೆಮ್ಮದಿ ಅಂತ ಮಾತ್ರ ಮಾತಾಡುತ್ತಿದ್ದಾರೆ. ನನಗೆ ಇದರಲ್ಲಿ ಬೇರೆ ಎರಡು ವಿಷಯ ಕಾಣುತ್ತವೆ.

ಮೊದಲನೆಯದು, ಕೋಚ್‌ಗಳ ಬಾಯಿ. ಇಷ್ಟು ವರ್ಷ ಏಪ್ರಿಲ್‌ನಲ್ಲಿ ಯಾವ ಕೋಚನ್ನು ಕೇಳಿದರೂ ಒಂದೇ ಉತ್ತರ: ಪೈಪೋಟಿ ಇನ್ನೂ ಮುಗಿದಿಲ್ಲ, ಇಬ್ಬರೂ ಚೆನ್ನಾಗಿ ಆಡುತ್ತಿದ್ದಾರೆ. ಎಷ್ಟೋ ಸಲ ಇದು ನಾಟಕ. ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬ ಮರುದಿನವೇ ಪೋರ್ಟಲ್‌ಗೆ ಹೋಗುತ್ತಾನೆ ಅನ್ನುವ ಹೆದರಿಕೆ. ಈಗ ಆ ಹೆದರಿಕೆ ಇಲ್ಲ. ಏಪ್ರಿಲ್‌ನಲ್ಲೇ ಇವನೇ ನಮ್ಮ ಕ್ವಾರ್ಟರ್‌ಬ್ಯಾಕ್ ಅಂತ ಹೇಳುವ ಕೋಚ್‌ಗಳು ಜಾಸ್ತಿಯಾದರೆ ನನಗೆ ಆಶ್ಚರ್ಯವಿಲ್ಲ. ಅಂಕಿ ಹಿಡಿದು ಊಹೆ ಮಾಡುವ ಕೆಲಸ ಅಷ್ಟರಮಟ್ಟಿಗೆ ಕಮ್ಮಿಯಾಗುತ್ತದೆ.

ಎರಡನೆಯದು ಅಷ್ಟು ಚೆಂದವಿಲ್ಲ. ವಸಂತದಲ್ಲಿ ಸೋತ ಹುಡುಗನಿಗೆ ಈಗ ದಾರಿಯಿಲ್ಲ. ಟ್ರಿಕೆಟ್ 2013ರಲ್ಲಿ, ಆಗಿಲಾರ್ 2025ರಲ್ಲಿ ಮಾಡಿದ್ದನ್ನು ಇನ್ನು ಮುಂದೆ ಮಾಡುವುದು ಕಷ್ಟ. ಅದೇ ಹೊತ್ತಿನಲ್ಲಿ ಕೋಚ್‌ಗಳಿಗೆ ಕೆಲಸ ಬದಲಿಸಲು ಅಂಥ ಕಟ್ಟುಪಾಡು ಇಲ್ಲ. ಸೀಸನ್ ನಡುವೆಯೇ ಬೇರೆ ಕಡೆ ಒಪ್ಪಿಕೊಂಡು ಹೋಗುವ ಕೋಚ್‌ಗಳನ್ನು ಈಗ ನೋಡುತ್ತಿದ್ದೇವೆ. ಆಟಗಾರರಿಗೆ ಹದಿನೈದು ದಿನ, ಕೋಚ್‌ಗೆ ಹನ್ನೆರಡು ತಿಂಗಳು. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಕಿಟಕಿ ಹೋದ ಮೇಲೆ ರೂಲ್ ಹೇಳಿದ ಕಾರಣಕ್ಕೆ ಬಲ ಕಮ್ಮಿ. ಸಾರ್ಕೀಸಿಯನ್ ಹೇಳಿದ ದಣಿವು, ಗಾಯದ ಕಾರಣ ಹಾಗೇ ಉಳಿಯುತ್ತದೆ. ಹಾಗಾಗಿ ನಿಂತುಹೋದ ಪಂದ್ಯಗಳೆಲ್ಲ ವಾಪಸ್ ಬರುತ್ತವೆ ಅಂತ ಕಾಯುವುದು ಬೇಡ. ಬಾಗಿಲು ಮುಚ್ಚಿಕೊಂಡು ಅಭ್ಯಾಸ ಮಾಡುವುದು ಕೋಚ್‌ಗಳಿಗೆ ಹಿಡಿಸಿದೆ. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಮಾತು ನಿಲ್ಲುವುದಿಲ್ಲ. ಮೊದಲು ಜನ ಕೆಟ್ಟ ಪುರಾವೆ ಹಿಡಿದು ಜಗಳವಾಡುತ್ತಿದ್ದರು. ಈಗ ಒಳಗಿನವರು ಅಂತ ಹೇಳಿಕೊಳ್ಳುವ ಯಾರದ್ದೋ ಪಿಸುಮಾತು ಹಿಡಿದು ಆಡುತ್ತಾರೆ. ಕೆಟ್ಟ ಪುರಾವೆಯೇ ವಾಸಿ ಅಲ್ವಾ? ಅದನ್ನು ಕನಿಷ್ಠ ಎಲ್ಲರೂ ನೋಡಿರುತ್ತಾರೆ.

ಕೊಲರಾಡೋದ ಕೋಚ್ ಡಿಯಾನ್ ಸ್ಯಾಂಡರ್ಸ್ 2025ರಲ್ಲಿ ಒಂದು ಒಳ್ಳೆಯ ಸಲಹೆ ಕೊಟ್ಟಿದ್ದರು. ನಮ್ಮೊಳಗೇ ಆಡುವುದು ಬಿಟ್ಟು ಬೇರೆ ಕಾಲೇಜಿನ ಜೊತೆ ಅಭ್ಯಾಸ ಪಂದ್ಯ ಆಡೋಣ ಅಂದರು. ಸಿರಕ್ಯೂಸ್‌ನ ಕೋಚ್ ಫ್ರಾನ್ ಬ್ರೌನ್ ನಾವು ಸಿದ್ಧ ಅಂದರು. ಎನ್‌ಸಿಎಎ ಒಪ್ಪಲಿಲ್ಲ. ಒಪ್ಪಿದ್ದರೆ, ತನ್ನ ಮೇಲೆ ತಾನೇ ಗೆಲ್ಲುವ ಆ ಮೂಲ ತೊಡಕಾದರೂ ತಪ್ಪುತ್ತಿತ್ತು.

ದುಡ್ಡು ತಗೋತಾನೆ, ಬೈಸಿಕೊಳ್ಳಲಿ

ಅಭಿಮಾನಿಗಳ ಮಾತಿನ ಧಾಟಿಯೂ ಬದಲಾಗಿದೆ. ಮೊದಲೆಲ್ಲ, ಪಾಪ ಓದುವ ಹುಡುಗ ಅನ್ನುವ ಒಂದು ಸಂಕೋಚ ಇತ್ತು. ಈಗ ಲಕ್ಷಗಟ್ಟಲೆ ಡಾಲರ್ ತೆಗೆದುಕೊಳ್ಳುತ್ತಾನಲ್ಲ, ಬೈಸಿಕೊಳ್ಳಲಿ ಅನ್ನುತ್ತಾರೆ. ಅರ್ಧ ಒಪ್ಪುತ್ತೇನೆ. ಆಟದಿಂದ ಗಳಿಸುವವನ ಆಟವನ್ನು ವಿಮರ್ಶೆ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಅಂಥ ಮೊತ್ತ ಸಿಗುವುದು ಹೆಸರಿರುವ ಕೆಲವರಿಗೆ. ತಂಡದಲ್ಲಿ 105 ಹುಡುಗರಿರಬಹುದು. ಮೂರನೆಯ ಸಾಲಿನಲ್ಲಿ ನಿಂತು ಏಪ್ರಿಲ್‌ನಲ್ಲಿ ಒಂದು ಚೆಂಡು ಕೈಬಿಟ್ಟವನಿಗೂ ಅದೇ ಬೈಗುಳ ಬೀಳುತ್ತದೆ. ಇದಕ್ಕೆ ಬೆಟ್ಟಿಂಗ್ ಬೇರೆ ಸೇರಿಕೊಂಡಿದೆ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ದಾರಿ ಬಿಟ್ಟ ಮೇಲೆ ಕ್ರೀಡಾ ಬೆಟ್ಟಿಂಗ್ ಫೋನಿಗೇ ಬಂದಿದೆ. ಒಬ್ಬೊಬ್ಬ ಕಾಲೇಜು ಆಟಗಾರನ ಅಂಕಿಯ ಮೇಲೆ ಬಾಜಿ ಕಟ್ಟುವುದನ್ನು ನಿಲ್ಲಿಸಿ ಅಂತ ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್ ರಾಜ್ಯಗಳನ್ನು ಕೇಳಿಕೊಳ್ಳುತ್ತಲೇ ಇದ್ದಾರೆ. ಸೋತ ದುಡ್ಡಿನ ಸಿಟ್ಟು ನೇರವಾಗಿ ಆ ಹುಡುಗನ ಫೋನಿಗೆ ಹೋಗುತ್ತದೆ.

ಓಹಾಯೋ ಸ್ಟೇಟ್‌ನವರು ಬರೋ ಅವರನ್ನು ಬಿಟ್ಟುಕೊಟ್ಟಿದ್ದು ತಪ್ಪಾ ಅಂತ ಈಗಲೂ ವಾದ ನಡೆಯುತ್ತದೆ. ಅದು ನನಗೆ ಇಷ್ಟವಾದ ವಾದ. ಯಾಕೆಂದರೆ ಅದರಲ್ಲಿ ಎರಡೂ ಕಡೆ ಸರಿ. ಹಾಸ್ಕಿನ್ಸ್ 2018ರಲ್ಲಿ 50 ಟಚ್‌ಡೌನ್, 4,831 ಗಜ ಎಸೆದರು. ತಂಡ ಸೋತಿದ್ದು ಒಂದೇ ಪಂದ್ಯ. ಬರೋ ಅದೇ ವರ್ಷ ಎಲ್‌ಎಸ್‌ಯುನಲ್ಲಿ 16 ಟಚ್‌ಡೌನ್ ಎಸೆದು ಸಾಧಾರಣವಾಗಿಯೇ ಇದ್ದರು. ಆ ವರ್ಷಕ್ಕೆ ಮೇಯರ್ ಆಯ್ಕೆ ಸರಿ. ಆಮೇಲಿನ ವರ್ಷ ಬರೋ ಹಾಗೆ ಬೆಳೆಯುತ್ತಾರೆ ಅಂತ ಯಾವ ಸ್ಪ್ರಿಂಗ್ ಗೇಮ್ ಹೇಳುವುದಕ್ಕೆ ಸಾಧ್ಯವಿತ್ತು?

ಹಾಗಾದರೆ ವಸಂತದಲ್ಲಿ ನೋಡುವುದೇನು? ಗಜದ ಲೆಕ್ಕ ಬಿಡಿ. ಮೊದಲ ಸಾಲಿನ ಐವರು ಕಾವಲುಗಾರರ ಜೊತೆ ಮೊದಲು ಇಳಿದವರು ಯಾರು ಅಂತ ನೋಡಿ. ಕೋಚ್ ಮೈಕಿನ ಮುಂದೆ ಏನೇ ಹೇಳಲಿ, ಅವರ ಮನಸ್ಸು ಆ ಜೋಡಣೆಯಲ್ಲಿರುತ್ತದೆ. ಆಟ ಶುರುವಾಗುವ ಮುಂಚೆ ಕ್ವಾರ್ಟರ್‌ಬ್ಯಾಕ್ ಎದುರಿನವರ ನಿಲುವು ನೋಡಿ ತನ್ನವರನ್ನು ಕೈ ತೋರಿಸಿ ಜಾಗ ಬದಲಿಸುತ್ತಾನಾ, ಅಥವಾ ಬದಿಯಲ್ಲಿರುವ ಕೋಚ್ ಕಡೆ ನೋಡುತ್ತಾ ನಿಲ್ಲುತ್ತಾನಾ? ಚೆಂಡು ಎಷ್ಟು ಬೇಗ ಕೈಬಿಡುತ್ತದೆ? ಈ ಎರಡಕ್ಕೆ ಎದುರಾಳಿ ಯಾರಾದರೂ ಪರವಾಗಿಲ್ಲ, ಜೆರ್ಸಿಯ ಬಣ್ಣವೂ ಅಡ್ಡ ಬರುವುದಿಲ್ಲ. ಎಡ ತುದಿಯಲ್ಲಿ ನಿಲ್ಲುವ ಕಾವಲುಗಾರ, ಲೆಫ್ಟ್ ಟ್ಯಾಕಲ್ ಅಂತ ಕರೆಯುತ್ತಾರೆ, ಅವನಿಗೆ ಗಾಯವಾದರೆ ಅವನ ಹಿಂದೆ ಯಾರಿದ್ದಾರೆ ಅಂತಲೂ ಗಮನಿಸಿ. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಕಾಣದೇ ಇರುವ ಬದಿ ಅದು. ಅಕ್ಟೋಬರ್‌ನಲ್ಲಿ ತಂಡಗಳು ಕುಸಿಯುವುದು ಬಹಳ ಸಲ ಅಲ್ಲಿಂದಲೇ.

ಆಗಸ್ಟ್‌ನಲ್ಲಿ ಮತ್ತೆ ಅಭ್ಯಾಸ ಶುರುವಾಗುತ್ತದೆ. ಹೊಸಬರೆಲ್ಲ ಸೇರಿರುತ್ತಾರೆ, ಗಾಯಾಳುಗಳು ವಾಪಸ್ ಬಂದಿರುತ್ತಾರೆ. ಮ್ಯಾಂಜೆಲ್ ಜಾಗ ಗಿಟ್ಟಿಸಿದ್ದೂ ಆಗಲೇ, ಟಾಗೊವೈಲೋವ ಗಿಟ್ಟಿಸಿದ್ದೂ ಆಗಲೇ. ಇನ್ನು ಹರ್ಟ್ಸ್. ಆ ಏಪ್ರಿಲ್‌ನ ನಂತರ ಅವರು ಅಲಬಾಮಾದಲ್ಲೇ ಉಳಿದು ಇಡೀ ಸೀಸನ್ ಬದಲಿ ಆಟಗಾರರಾಗಿ ಕಳೆದರು. ಡಿಸೆಂಬರ್ 1ರಂದು ಜಾರ್ಜಿಯಾ ಎದುರು, ಎರಡೂ ತಂಡಗಳಿರುವ ಎಸ್‌ಇಸಿ ಅನ್ನುವ ಕಾಲೇಜು ಕೂಟದ ಫೈನಲ್‌ನಲ್ಲಿ, ಟಾಗೊವೈಲೋವ ಗಾಯಗೊಂಡು ಹೊರಗೆ ಹೋದಾಗ ಅಲಬಾಮಾ 28–21ರಿಂದ ಹಿಂದಿತ್ತು. ಹರ್ಟ್ಸ್ ಒಳಗೆ ಬಂದರು. ಒಂದು ಟಚ್‌ಡೌನ್ ಎಸೆದರು, ಇನ್ನೊಂದು ತಾವೇ ಓಡಿ ಗಳಿಸಿದರು. ಪಂದ್ಯ 35–28ಕ್ಕೆ ಅಲಬಾಮಾದ್ದಾಯಿತು.